ಪ್ರೀಮಿಯರ್ ಮೈದಾನದ ಎದುರು ಒಂದು ಸಿಯೆರಾ

ಡೊಂಬಿವಲಿ ಪೂರ್ವದಲ್ಲಿ ಯಾವ ರಿಕ್ಷಾದವನನ್ನು ನಿಲ್ಲಿಸಿ ‘ಪ್ರೀಮಿಯರ್ ಮೈದಾನ’ ಎಂದರೂ ಮೀಟರ್ ಹಾಕುವುದೋ ಬೇಡವೋ ಎಂಬುದಷ್ಟೇ ಅವನ ಯೋಚನೆ, ದಾರಿ ಕೇಳುವುದಿಲ್ಲ. ಪ್ರೀಮಿಯರ್ ಎಂದರೆ ಏನು ಎಂದು ಕೇಳಿ ನೋಡಿ. ಐವತ್ತು ದಾಟಿದವನಾದರೆ ‘ಕಂಪನಿ ಇತ್ತು’ ಅನ್ನುತ್ತಾನೆ. ಹುಡುಗನಾದರೆ ‘ಸಭೆ ನಡೆಯುತ್ತದಲ್ಲ, ಅದು’ ಅನ್ನುತ್ತಾನೆ. ಕಲ್ಯಾಣ್–ಶಿಲ್ ರಸ್ತೆಯ ಈ ಪಕ್ಕದಲ್ಲಿ ಒಂದು ಕಾಲಕ್ಕೆ ಪ್ರೀಮಿಯರ್ ಆಟೊಮೊಬೈಲ್ಸ್‌ನ ಕಾರ್ಖಾನೆ ಇತ್ತು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪನಿ. ನಮ್ಮ ಹೋಟೆಲಿನವರೂ ಕ್ಯಾಂಟೀನಿನವರೂ ದುಡ್ಡು ಕೂಡಿಟ್ಟು ಕೊಂಡ ಪದ್ಮಿನಿ ಕಾರು ಅವರದೇ. 1990ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಜೊತೆ ಸೇರಿ 309 ಎಂಬ ಕಾರನ್ನು ಇಲ್ಲಿಂದ ಹೊರಡಿಸಿದರು. ದಶಕ ಮುಗಿಯುವುದರೊಳಗೆ ಫ್ರೆಂಚರು ಗಂಟು ಕಟ್ಟಿದರು. ಈಗ ಅಲ್ಲಿ ಗೋಪುರದಂಥ ಕಟ್ಟಡಗಳಿವೆ, ಎದುರಿಗೆ ಮೆಟ್ರೊ ಕಂಬಗಳ ಕೆಲಸ. ಕಾರು ಹೋಯಿತು, ಕಾರ್ಖಾನೆ ಹೋಯಿತು, ಹೆಸರು ಮಾತ್ರ ರಿಕ್ಷಾದವರ ಬಾಯಲ್ಲಿ ಉಳಿದುಕೊಂಡಿತು.

ಈ ಮೈದಾನದ ಎದುರಿನ ಟ್ರಾಫಿಕ್ಕಿನಲ್ಲಿ ಮೊನ್ನೆ ನನ್ನ ಪಕ್ಕಕ್ಕೆ ಒಂದು ಹೊಸ ಟಾಟಾ ಸಿಯೆರಾ ಬಂದು ನಿಂತಿತು. ಅದನ್ನು ಕಂಡದ್ದೇ ನಮ್ಮ ಸೊಸೈಟಿಯ ಗೆಳೆಯರೊಬ್ಬರು ಕಿಟಕಿಯ ಗಾಜು ಇಳಿಸಿ ಕತ್ತು ಹೊರಗೆ ಹಾಕಿದರು. ಕುಂದಾಪುರದ ಕಡೆಯವರು, ಥಾಣೆಯಲ್ಲಿ ಹುಟ್ಟಿ ಬೆಳೆದವರು, ಐವತ್ತರ ಹತ್ತಿರದ ವಯಸ್ಸು. ತಾವೂ ಒಂದನ್ನು ಬುಕ್ ಮಾಡಿದ್ದಾರೆ. ಸಿಗ್ನಲ್ ಹಸಿರಾದರೂ ಅವರ ಕಣ್ಣು ಆ ಗಾಡಿಯ ಹಿಂಬದಿಯ ಕಿಟಕಿಯ ಮೇಲೆಯೇ. ‘ಅದೇ ಅದೇ’ ಅಂದರು. ಅದೇ ಹೌದೇ? ಇವತ್ತಿನ ಬರಹಕ್ಕೆ ಅಷ್ಟು ಸಾಕು.

ಮೊದಲ ಸಿಯೆರಾ ಬಂದದ್ದು 1991ರಲ್ಲಿ, ಟಾಟಾ ಮೋಟಾರ್ಸ್ ಇನ್ನೂ ಟೆಲ್ಕೊ ಆಗಿದ್ದಾಗ. ಲಾರಿ ಮಾಡುತ್ತಿದ್ದ ಕಂಪನಿ ಮನೆಮಂದಿಗೆಂದು ಮಾಡಿದ ಮೊದಲ ಗಾಡಿ ಅದು. ಪಿಕಪ್ ವಾಹನದ ಚಾಸಿಯನ್ನೇ ತೆಗೆದುಕೊಂಡು ಅದರ ಮೇಲೆ ಹೊಸ ದೇಹ ಕೂರಿಸಿದ್ದರು. ಬಾಗಿಲು ಮುಂದೆ ಎರಡೇ. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಸೀರೆ ಎತ್ತಿ ಹಿಡಿದು, ತಲೆ ಬಗ್ಗಿಸಿ ನುಸುಳಬೇಕು. ಡೀಸೆಲ್ ಎಂಜಿನ್ 1948 ಸಿಸಿ, ಶಕ್ತಿ 70 ಅಶ್ವಶಕ್ತಿಗಿಂತ ಕಡಿಮೆ. ಟರ್ಬೊ ಬಂದದ್ದು 1997ರಲ್ಲಿ. ಆದರೆ ಕರೆಂಟಿನ ಕಿಟಕಿ, ಏಸಿ, ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರು, ಇವೆಲ್ಲ ಪದ್ಮಿನಿ ಮತ್ತು ಅಂಬಾಸಡರ್ ನೋಡಿದ್ದ ಕಣ್ಣಿಗೆ ವಿಮಾನದ ಒಳಗಿನಂತೆ ಕಂಡವು. ಎಲ್ಲಕ್ಕಿಂತ ಮುಖ್ಯವಾಗಿ ಹಿಂಬದಿಯ ಆ ದೊಡ್ಡ ಗಾಜು. ಪಕ್ಕದಿಂದ ಎದ್ದು ಛಾವಣಿಯವರೆಗೂ ಬಾಗಿ ಹೋಗುವ ಗಾಜು. ಅದನ್ನು ತೆರೆಯಲು ಬರುತ್ತಿರಲಿಲ್ಲ. ಬಿಸಿಲಿಗೆ ಒಳಗೆ ಕೂತವರು ಬೆಂದು ಹೋಗುತ್ತಿದ್ದರಂತೆ. ಹೊರಗೆ ನಿಂತವರಿಗೆ ಅದೆಲ್ಲ ಗೊತ್ತಾಗುತ್ತಿರಲಿಲ್ಲ.

ನಮ್ಮ ಗೆಳೆಯರು ಹೊರಗೆ ನಿಂತವರ ಪೈಕಿ. ಅವರ ಅಪ್ಪನ ಬಳಿ ಸಿಯೆರಾ ಇರಲಿಲ್ಲ, ಯಾವ ಗಾಡಿಯೂ ಇರಲಿಲ್ಲ. ಕ್ಲಾಸಿನ ಹುಡುಗನೊಬ್ಬನ ಅಪ್ಪ ಶಾಲೆಯ ಬಳಿ ನಿಲ್ಲಿಸುತ್ತಿದ್ದ ಗಾಡಿ ಅದು. ಈಗ ಸಿಯೆರಾ ಬುಕ್ ಮಾಡಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರೆ, ಹಳೆಯದನ್ನು ಓಡಿಸಿದವರಿಗಿಂತ ಹಳೆಯದನ್ನು ನೋಡಿದವರೇ ಬಹಳ ಜನ ಇರುತ್ತಾರೆ ಎಂದು ನನ್ನ ಗುಮಾನಿ. ಅದು ಹೆಚ್ಚು ಮಾರಾಟವಾದ ಗಾಡಿಯೇ ಅಲ್ಲ. ಮಾರಾಟವಾಗಿದ್ದರೆ ಅದರ ತೊಂದರೆಗಳೂ ಜನಕ್ಕೆ ನೆನಪಿರುತ್ತಿದ್ದವು. ಹಳೆಯ ಹೆಸರಿಗೆ ಬೆಲೆ ಬರಬೇಕಾದರೆ ಅದನ್ನು ಬಹಳ ಜನ ಬಯಸಿರಬೇಕು, ಕೆಲವರಿಗೆ ಮಾತ್ರ ಸಿಕ್ಕಿರಬೇಕು. ಎಲ್ಲರ ಮನೆಯಲ್ಲೂ ಇದ್ದ ಗಾಡಿಯ ಹೆಸರನ್ನು ಯಾರೂ ಎಬ್ಬಿಸಲು ಹೋಗುವುದಿಲ್ಲ.

ಹೊಸದು 2025ರ ನವೆಂಬರ್ 25ರಂದು 11.49 ಲಕ್ಷ ರೂಪಾಯಿಯ ಆರಂಭದ ಬೆಲೆಗೆ ಬಂತು. ಐದು ಬಾಗಿಲು. 1.5 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ 160 ಪಿಎಸ್ ಶಕ್ತಿ ಕೊಡುತ್ತದೆ, ಹಳೆಯ ಎಂಜಿನ್ನಿನ ಎರಡು ಪಟ್ಟಿಗೂ ಹೆಚ್ಚು. ಚಾಸಿ ಬೇರೆ, ದೇಹ ಬೇರೆ ಎಂಬ ಹಳೆಯ ಲಾರಿ ಪದ್ಧತಿ ಹೋಗಿ ಎರಡೂ ಒಂದೇ ಆಗಿರುವ ಕಾರಿನ ರಚನೆ ಬಂದಿದೆ. ಹಳೆಯದರಲ್ಲಿ ಹಿಂದಿನ ಚಕ್ರ ನೂಕುತ್ತಿತ್ತು, ಇದರಲ್ಲಿ ಮುಂದಿನ ಚಕ್ರ ಎಳೆಯುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆವೃತ್ತಿ ಬಿಡುಗಡೆಯ ದಿನ ಇರಲಿಲ್ಲ. ಇನ್ನು ಆ ಗಾಜು? ಬಾಗಿದ ಗಾಜಿನ ಬದಲು ಕಂಬಕ್ಕೂ ಛಾವಣಿಯ ಅಂಚಿಗೂ ಕಪ್ಪು ಹೊಳಪಿನ ಹೊದಿಕೆ ಕೊಟ್ಟು ಅದೇ ಆಕಾರ ತೋರುವಂತೆ ಮಾಡಿದ್ದಾರೆ. ದೂರದಿಂದ ನೋಡಿದರೆ ಗಾಜು. ಹತ್ತಿರ ಹೋಗಿ ಬೆರಳಿನಿಂದ ಕುಟ್ಟಿದರೆ ಗೊತ್ತಾಗುತ್ತದೆ. ಹಾಗೆ ಕುಟ್ಟಿ ನೋಡುವವರು ಗಾಡಿ ಕೊಳ್ಳುವವರಲ್ಲ, ನನ್ನಂಥವರು.

ಇದನ್ನು ಮೋಸ ಅನ್ನಲಾರೆ. ಹಳೆಯ ಗಾಡಿಯನ್ನು ಇದ್ದ ಹಾಗೇ ಮಾಡಿದ್ದರೆ ಇವತ್ತಿನ ಅಪಘಾತ ಪರೀಕ್ಷೆ, ಹೊಗೆಯ ನಿಯಮ ಯಾವುದನ್ನೂ ಅದು ದಾಟುತ್ತಿರಲಿಲ್ಲ. ಎರಡೇ ಬಾಗಿಲಿದ್ದರೆ ನಮ್ಮ ಗೆಳೆಯರ ಮನೆಯಲ್ಲಿ ಅವರ ತಾಯಿಯೇ ಮೊದಲು ಬೇಡ ಅನ್ನುತ್ತಿದ್ದರು. ಮೊಮ್ಮಗನಿಗೆ ಅಜ್ಜನ ಹೆಸರಿಡುವಾಗ ಅಜ್ಜನ ಮಂಡಿನೋವನ್ನೂ ಕೊಡಿ ಎಂದು ಯಾರೂ ಕೇಳುವುದಿಲ್ಲ. ಆದರೆ ನಮ್ಮಲ್ಲಿ ಮಗು ಮೊದಲು ಹುಟ್ಟುತ್ತದೆ, ಹೆಸರು ತೊಟ್ಟಿಲ ದಿನ. ಗಾಡಿಯ ವಿಷಯದಲ್ಲಿ ಇದು ತಿರುಗುಮುರುಗಾಗಿದೆ. 2020ರ ಆಟೊ ಎಕ್ಸ್‌ಪೊದಲ್ಲಿ ಸಿಯೆರಾ ಎಂಬ ಹೆಸರಿನ ಮಾದರಿಯೊಂದನ್ನು ಇಟ್ಟು ಜನ ಏನನ್ನುತ್ತಾರೆ ಎಂದು ನೋಡಿದರು. 2023ರಲ್ಲಿ ಬಾಗಿಲು ಹೆಚ್ಚಿಸಿ ಮತ್ತೆ ತೋರಿಸಿದರು. 2025ರ ಜನವರಿಯಲ್ಲಿ ಇನ್ನೊಮ್ಮೆ. ಐದು ವರ್ಷ ಹೆಸರು ತೊಟ್ಟಿಲಲ್ಲಿ ತೂಗಿತು, ಆಮೇಲೆ ಮಗು.

ಇದರ ಹಿಂದಿನ ಲೆಕ್ಕ ಸರಳ. ಹೊಸ ಹೆಸರು ಹುಡುಕುವುದು ಮದುವೆಗೆ ಹುಡುಗ ಹುಡುಕಿದಷ್ಟೇ ಕಷ್ಟ. ಉಚ್ಚರಿಸಲು ಬರಬೇಕು, ಯಾವ ಭಾಷೆಯಲ್ಲೂ ಕೆಟ್ಟ ಅರ್ಥ ಇರಬಾರದು, ಬೇರೆ ಯಾರೂ ನೋಂದಾಯಿಸಿರಬಾರದು. ಇಷ್ಟೆಲ್ಲ ನೋಡಿ ಇಟ್ಟರೂ ವಿಧಿ ಕೈಕೊಡಬಹುದು. ಟಾಟಾದವರೇ ಒಂದು ಸಣ್ಣ ಕಾರಿಗೆ ‘ಜಿಕಾ’ ಎಂದು ಹೆಸರಿಟ್ಟು ಊರಿಗೆಲ್ಲ ಸಾರಿದ ಮೇಲೆ ಝೀಕಾ ವೈರಸ್ ಹರಡಿತು. 2016ರಲ್ಲಿ ಗಡಿಬಿಡಿಯಿಂದ ‘ಟಿಯಾಗೊ’ ಆಯಿತು. ಹೊಸ ಹೆಸರು ಏನು ಎಂದು ಜನರಿಗೆ ಹೇಳಿಕೊಡಲು ಜಾಹೀರಾತಿಗೆ ಸುರಿಯುವ ಹಣ ಬೇರೆ. ಹಳೆಯ ಹೆಸರಾದರೆ ಆ ಪಾಠ ಮೂವತ್ತು ವರ್ಷದ ಹಿಂದೆಯೇ ಆಗಿರುತ್ತದೆ. ‘ಗ್ರಾವಿಟಾಸ್’ ಎಂಬ ಹೆಸರಲ್ಲಿ 2020ರಲ್ಲಿ ತೋರಿಸಿದ ಗಾಡಿಗೆ 2021ರಲ್ಲಿ ಮಾರುಕಟ್ಟೆಗೆ ಬರುವ ಹೊತ್ತಿಗೆ ‘ಸಫಾರಿ’ ಎಂದು ಹೆಸರು ಬದಲಾದದ್ದು ಇದೇ ಕಾರಣಕ್ಕೆ. ಗ್ರಾವಿಟಾಸ್ ಅಂದರೆ ಏನೆಂದು ಕಲ್ಯಾಣದ ಒಬ್ಬ ಹೋಟೆಲ್ ಮಾಲಕರಿಗೆ ವಿವರಿಸಬೇಕು. ಸಫಾರಿ ಅಂದರೆ ಸಾಕು, ಸಿಂಹವೇ ಬಂದು ನಿಲ್ಲುತ್ತದೆ. 1998ರ ಸಫಾರಿ ಕೆಸರಿನಲ್ಲಿ ಹೂತರೆ ಎದ್ದು ಬರುತ್ತಿತ್ತು, ಹೊಸದಕ್ಕೆ ನಾಲ್ಕು ಚಕ್ರದ ಶಕ್ತಿ ಕೊಟ್ಟಿಲ್ಲ ಎಂದು ಹಳಬರು ಆಗ ಗೊಣಗಿದರು.

ಸಿಯೆರಾ ಎಂಬುದು ಸ್ಪ್ಯಾನಿಷ್ ಮಾತು. ಗರಗಸ ಎಂದು ಅರ್ಥ. ಹಲ್ಲುಹಲ್ಲಾಗಿ ಎದ್ದ ಬೆಟ್ಟದ ಸಾಲಿಗೂ ಅದೇ ಹೆಸರು. ಮಳೆ ನಿಂತ ಬೆಳಿಗ್ಗೆ ಕಲ್ಯಾಣದ ಪತ್ರಿ ಪುಲ್ ಮೇಲಿಂದ ದಕ್ಷಿಣಕ್ಕೆ ನೋಡಿದರೆ ಮಲಂಗ್‌ಗಡದ ಸಾಲು ಕಾಣುತ್ತದೆ. ನಿಜವಾದ ಸಿಯೆರಾ ಅದು. ದಿನಾ ನೋಡುವ ನಮಗೆ ಅದು ಬರಿಯ ಗುಡ್ಡ.

ಬೆಟ್ಟದ ಮಾತು ಬಂದಾಗ ಮಹೀಂದ್ರಾದ ಥಾರ್ ಬಿಡಲಾಗದು. ಮರುಭೂಮಿಯ ಹೆಸರಿನ ಈ ಗಾಡಿ ನಾಸಿಕದಲ್ಲಿ ತಯಾರಾಗಿ, ಉದ್ದನೆಯ ಟ್ರೇಲರ್‌ಗಳ ಮೇಲೆ ಕೂತು ಕಸಾರಾ ಘಾಟಿ ಇಳಿದು, ಭಿವಂಡಿ ದಾಟಿ ಥಾಣೆಯ ಮಾಜಿವಾಡಾಕ್ಕೆ ಬರುತ್ತದೆ. ಬದುಕಿನ ಮೊದಲ ಘಾಟಿಯನ್ನು ಇನ್ನೊಬ್ಬರ ಹೆಗಲ ಮೇಲೆ ಇಳಿಯುವ ಗಾಡಿ. ಇದರ ಕತೆ ಸಿಯೆರಾಕ್ಕೆ ಸರಿಯಾಗಿ ಉಲ್ಟಾ. ಮಹೀಂದ್ರಾದವರು 1940ರ ದಶಕದ ಕೊನೆಗೆ ಮುಂಬಯಿಯ ಮಜಗಾಂವ್‌ನಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸಿ ಮಾರಲು ತೊಡಗಿದರು. ಆ ಆಕಾರ ಅಂದಿನಿಂದ ಇಂದಿನವರೆಗೆ ಕೈಬಿಟ್ಟಿಲ್ಲ. ಬದಲಾದದ್ದು ಹೆಸರು. ಎಂಎಂ 540, ಕಮಾಂಡರ್, ಮೇಜರ್, ಕ್ಲಾಸಿಕ್, 2010ರಲ್ಲಿ ಥಾರ್. ಚಾಸಿಯ ಮೇಲೆ ದೇಹ ಕೂರಿಸುವ ಪದ್ಧತಿ ಹಾಗೇ ಇದೆ, ಎರಡನೇ ಗೇರ್ ಲಿವರ್ ಎಳೆದರೆ ‘ಲೋ’ ಬೀಳುವುದೂ ಇದೆ. 2020ರ ಆಗಸ್ಟ್ 15ರಂದು ಹೊಸ ಥಾರ್ ತೋರಿಸಿದರು, 2024ರ ಅದೇ ದಿನ ಐದು ಬಾಗಿಲಿನ ರಾಕ್ಸ್. ಅದರ ಬುಕ್ಕಿಂಗ್ ತೆರೆದ ಮೊದಲ ಒಂದು ಗಂಟೆಯಲ್ಲಿ 1.76 ಲಕ್ಷ ಜನ ಹೆಸರು ಬರೆಸಿದರು ಎಂದು ಕಂಪನಿ ಹೇಳಿತು.

ಮಹೀಂದ್ರಾಕ್ಕೆ ಸಿಗದ ಒಂದೇ ಹೆಸರೆಂದರೆ ಜೀಪು. ಆ ಹೆಸರು ವಿಲ್ಲಿಸ್‌ನಿಂದ ಕೈಯಿಂದ ಕೈಗೆ ಹೋಗಿ ಕ್ರೈಸ್ಲರ್, ಫಿಯಟ್ ದಾಟಿ ಈಗ ಸ್ಟೆಲಾಂಟಿಸ್ ಕಂಪನಿಯಲ್ಲಿದೆ. ಅಮೆರಿಕದಲ್ಲಿ ಮಹೀಂದ್ರಾದ ‘ರಾಕ್ಸರ್’ ಗಾಡಿಯ ಮುಖ ನಮ್ಮ ಜೀಪಿನ ಹಾಗಿದೆ ಎಂದು ಆ ಹೆಸರಿನ ಆಗಿನ ಒಡೆಯರಾದ ಫಿಯಟ್ ಕ್ರೈಸ್ಲರ್‌ನವರು 2018ರಲ್ಲಿ ದೂರು ಹಾಕಿದರು, ಮಹೀಂದ್ರಾ ಮುಖ ಬದಲಿಸಬೇಕಾಯಿತು. ಆದರೆ ನಮ್ಮ ಮಲೆನಾಡಿನಲ್ಲಿ ಹೋಗಿ ಈ ತೀರ್ಪು ಓದಿ ಹೇಳಿ ನೋಡೋಣ. ಶೃಂಗೇರಿಯಿಂದ ಒಳಗೆ ಹೋಗುವ ಬಾಡಿಗೆ ಕಮಾಂಡರ್ ಜೀಪು, ಟ್ರ್ಯಾಕ್ಸ್ ಜೀಪು, ಬೊಲೆರೊ ಕೂಡ ಜೀಪು. ಒಳಗೆ ಎಂಟು ಜನ, ಹಿಂದೆ ನೇತಾಡುವವರು ನಾಲ್ಕು, ಮೇಲೆ ಅಡಿಕೆ ಮೂಟೆ. ಜೀಪೆಂಬ ಬೋರ್ಡು ಹೊತ್ತ ಅಸಲಿ ಕಂಪನಿ ಈ ದೇಶಕ್ಕೆ ಬಂದದ್ದು 2016ರಲ್ಲಿ. ಆ ಹೊತ್ತಿಗೆ ನಮ್ಮವರು ಎಪ್ಪತ್ತು ವರ್ಷ ಜೀಪಿನಲ್ಲಿ ಓಡಾಡಿಯಾಗಿತ್ತು.

ಇನ್ನೊಂದು ಹೆಸರು ಎಬ್ಬಿಸದೇ ಉಳಿದದ್ದು. ಮಾರುತಿ ಜಿಪ್ಸಿ. 1985ರ ಕೊನೆಗೆ ಬಂತು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೈನ್ಯಕ್ಕೂ ಪೊಲೀಸರಿಗೂ ಬಂಡೀಪುರ, ನಾಗರಹೊಳೆಯ ಕಾಡಿಗೂ ದುಡಿಯಿತು. 2023ರ ಜೂನ್‌ನಲ್ಲಿ ಅದೇ ವಂಶದ ಐದು ಬಾಗಿಲಿನ ಗಾಡಿ ಬಂದಾಗ ಎಲ್ಲರೂ ಜಿಪ್ಸಿ ಎಂಬ ಹೆಸರನ್ನೇ ನಿರೀಕ್ಷಿಸಿದ್ದರು. ಸುಜುಕಿ ತನ್ನ ಲೋಕಕ್ಕೆಲ್ಲ ಗೊತ್ತಿರುವ ‘ಜಿಮ್ನಿ’ ಎಂಬ ಹೆಸರನ್ನೇ ಇಟ್ಟಿತು. ಚಾಸಿ ಅದೇ ಪದ್ಧತಿಯದು, ನಾಲ್ಕು ಚಕ್ರದ ಶಕ್ತಿ ಎಲ್ಲ ಆವೃತ್ತಿಯಲ್ಲೂ ಇದೆ, ಸಿಯೆರಾ ಬಿಟ್ಟುಕೊಟ್ಟದ್ದನ್ನೆಲ್ಲ ಇದು ಉಳಿಸಿಕೊಂಡಿದೆ. ಆದರೂ ಇಲ್ಲಿ ಮಾರಾಟ ಮಂದ. ಇದೇ ಗಾಡಿ ಗುರುಗ್ರಾಮದಿಂದ ಹಡಗು ಹತ್ತಿ ಜಪಾನಿಗೆ ಹೋದಾಗ, 2025ರ ಜನವರಿ ಕೊನೆಯಿಂದ ಕೆಲವೇ ದಿನದಲ್ಲಿ ಸುಮಾರು 50,000 ಬುಕ್ಕಿಂಗ್ ಬಂದು, ಇನ್ನು ಸಾಕು ಎಂದು ಕಂಪನಿಯೇ ಬಾಗಿಲು ಹಾಕಿತು. ಅಲ್ಲಿ ಅದಕ್ಕೆ ಜಿಮ್ನಿ ‘ನೊಮಾಡ್’ ಎಂದು ಹೆಸರು, ಅದೂ ಸುಜುಕಿಯ ಹಳೆಯ ಗಾಡಿಯೊಂದರಿಂದ ಎಬ್ಬಿಸಿದ ಹೆಸರು. ನೊಮಾಡ್ ಅಂದರೆ ಅಲೆಮಾರಿ. ಜಿಪ್ಸಿ ಅಂದರೂ ಬಹುಮಟ್ಟಿಗೆ ಅದೇ. ಇಲ್ಲಿ ಬಿಟ್ಟ ಅರ್ಥವನ್ನು ಅಲ್ಲಿ ಹಾಕಿಕೊಂಡರು! ಯಂತ್ರ ಒಳ್ಳೆಯದಿದ್ದರೆ ಸಾಕು, ಹೆಸರಿಗೇನು ಎನ್ನುವವರಿಗೆ ಈ ಒಂದು ಗಾಡಿಯ ಎರಡು ದೇಶದ ಜಾತಕ ತೋರಿಸಬೇಕು. ಹೆಸರೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಅದರ ಬೆಲೆಯೂ ಜನಕ್ಕೆ ಹೆಚ್ಚೆನಿಸಿತ್ತು.

ಸತ್ತ ಹೆಸರು ಯಾರದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಮೈಸೂರಿಗೆ ಹೋದರೆ ಸಾಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದು ಮಾಡುತ್ತಿದ್ದ ಯೆಜ್ಡಿ ಮೋಟಾರ್‌ಸೈಕಲ್ಲಿನ ಹೆಸರನ್ನು ಸಂಸ್ಥಾಪಕರ ಮಗ ಬೋಮನ್ ಇರಾನಿ ತಮ್ಮ ಹೆಸರಿಗೆ ನೋಂದಾಯಿಸಿಕೊಂಡರು. ಅವರು ಪಾಲುದಾರರಾಗಿರುವ, ಮಹೀಂದ್ರಾದ ಹಣವೂ ಇರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮತ್ತೆ ರಸ್ತೆಗೆ ತಂದಿತು. ಮುಚ್ಚಿದ ಕಾರ್ಖಾನೆಯ ಕಡೆಯವರು ಬಿಡಲಿಲ್ಲ. ಯಂತ್ರಗಳಂತೆ ಹೆಸರೂ ಕಂಪನಿಯ ಆಸ್ತಿ, ಅದರಿಂದ ಬಂದದ್ದು ಸಾಲ ಕೊಟ್ಟವರಿಗೂ ಕಾರ್ಮಿಕರಿಗೂ ಸೇರಬೇಕು ಎಂಬುದು ವಾದ. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಈ ವಾದವನ್ನು ಒಪ್ಪಿತು. 2025ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಹೆಸರು ಹೊಲದ ಹಾಗೆ. ಹತ್ತು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಐದು ವರ್ಷಕ್ಕೂ ಹೆಚ್ಚು ಬೀಳುಬಿಟ್ಟರೆ ಅದನ್ನು ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು. ಸಿಯೆರಾಕ್ಕೆ ಈ ತಂಟೆ ಬರಲಿಲ್ಲ, ಕಂಪನಿ ಬದುಕಿತ್ತು. ಪ್ರೀಮಿಯರ್ ಮೈದಾನದ ಹೆಸರಿಗೂ ಬರಲಿಲ್ಲ. ಅದನ್ನು ಬಳಸುತ್ತಿರುವವರು ರಿಕ್ಷಾದವರು, ಅವರ ಮೇಲೆ ಯಾರು ದಾವೆ ಹಾಕುತ್ತಾರೆ?

ಇಷ್ಟೆಲ್ಲ ಗಾಡಿಗಳು ಹೋಗುವುದೆಲ್ಲಿಗೆ? ಥಾಣೆಯವರಿಗೆ ಘೋಡ್‌ಬಂದರ್ ರಸ್ತೆ, ನವಿ ಮುಂಬಯಿಯವರಿಗೆ ಪಾಮ್ ಬೀಚ್ ರಸ್ತೆ, ನಮಗೆ ಶಿಲ್‌ಫಾಟಾ. ಪಾಮ್ ಬೀಚ್ ಮೇಲೆ ಕೈಯಲ್ಲಿ ಚಹಾದ ಲೋಟ ಹಿಡಿದು ಹೋಗಬಹುದು, ಅಂಥಲ್ಲಿ ಕೆಸರಿಗೆಂದೇ ಮಾಡಿದ ದಪ್ಪ ಟೈರು ಹಾಕಿದ ಥಾರ್‌ಗಳು ಗುಂಯ್ ಎಂದು ಹೋಗುತ್ತವೆ. ಕಷ್ಟದ ದಾರಿ ಬೇಕಿದ್ದರೆ ಅವು ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಬರಲಿ. ನೆಲದಿಂದ ಗಾಡಿಯ ಹೊಟ್ಟೆಗೆ ಇರುವ ಅಂತರ ಥಾರ್‌ಗೆ 226 ಮಿಲಿಮೀಟರ್, ಹೊಸ ಸಿಯೆರಾಕ್ಕೆ 205. ಈ ಒಂದು ಬೆರಳಿನ ವ್ಯತ್ಯಾಸ ಮರುಭೂಮಿಯಲ್ಲಿ ಏನು ಮಾಡುತ್ತದೋ ಗೊತ್ತಿಲ್ಲ, ನಮ್ಮ ಹೊಂಡಗಳಲ್ಲಿ ಲೆಕ್ಕಕ್ಕೆ ಬರುತ್ತದೆ.

ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಥಾರ್ 650 ಮಿಲಿಮೀಟರ್ ಆಳದ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುತ್ತದೆ, ಅಂದರೆ ಸಾಧಾರಣ ಎತ್ತರದವರ ತೊಡೆಯ ನಡುವಿನವರೆಗೆ. ಎಂಜಿನ್ ಉಸಿರಾಡುವ ಕೊಳವೆಗೆ ನೀರು ನುಗ್ಗದಿರುವ ಎತ್ತರ ಅದು, ಅದೂ ಅಲೆಯೆಬ್ಬಿಸದೆ ನಿಧಾನ ಹೋದರೆ. ಹೊಳೆ ದಾಟುವವನಿಗೆ ಈ ಅಂಕಿ ಉಪಯೋಗ, ಯಾಕೆಂದರೆ ಮೊದಲು ಒಬ್ಬ ಇಳಿದು ಕೋಲು ಊರಿ ತಳ ನೋಡುತ್ತಾನೆ. ಕಲ್ಯಾಣದ ರಸ್ತೆಯಲ್ಲಿ ನೀರಿನ ಕೆಳಗೆ ಮ್ಯಾನ್‌ಹೋಲ್ ತೆರೆದಿದೆಯೋ ಮುಚ್ಚಿದೆಯೋ ಯಾವ ಕಂಪನಿ ಹೇಳೀತು? 2019ರ ಜುಲೈ 27ರಂದು ಬದ್ಲಾಪುರ–ವಾಂಗಣಿ ನಡುವೆ ಉಲ್ಹಾಸ್ ನದಿ ಉಕ್ಕಿ ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನಿಂತಿತು, ಸಾವಿರದಷ್ಟು ಜನರನ್ನು ದೋಣಿಯಲ್ಲಿ ಇಳಿಸಬೇಕಾಯಿತು. ಅಂಥ ದಿನ ಗಾಡಿಯ ಮೇಲೆ ಯಾವ ಹೆಸರು ಬರೆದಿದ್ದರೂ ಒಂದೇ.

ತೆರಿಗೆಯ ಮಾತನ್ನೂ ಸೇರಿಸಿಬಿಡುತ್ತೇನೆ, ಗಾಡಿಯ ಆಕಾರ ನಿರ್ಧರಿಸುವುದು ಬೆಟ್ಟವಲ್ಲ, ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಗಾಡಿಗೆ ಶೇ. 18 ಜಿಎಸ್‌ಟಿ, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40. ಮೂರು ಬಾಗಿಲಿನ ಥಾರ್‌ನ ಉದ್ದ 3,985 ಮಿಲಿಮೀಟರ್. ಮರುಭೂಮಿಯ ಹೆಸರು, ಕರಸಂಗ್ರಾಹಕನ ಅಳತೆಪಟ್ಟಿ. ಸಿಯೆರಾ 4,340 ಮಿಲಿಮೀಟರ್ ಇದ್ದು ಶೇ. 40 ಕಟ್ಟುತ್ತದೆ, ಹೆಸರಿನ ಗತ್ತಿಗೆ ತಕ್ಕಂತೆ.

ನಮ್ಮ ಗೆಳೆಯರಿಗೆ ಈ ಯಾವ ಅಂಕಿಯೂ ಬೇಕಿಲ್ಲ. ಅವರ ಚಿಂತೆ ಬೇರೆ. ಸೊಸೈಟಿಯ ಯಾಂತ್ರಿಕ ಪಾರ್ಕಿಂಗಿನ ತಟ್ಟೆಗಳು ಸಣ್ಣ ಕಾರುಗಳ ಕಾಲದಲ್ಲಿ ಹಾಕಿದವು. ಕೆಳಗಿನ ತಟ್ಟೆಯಲ್ಲಿ ಎತ್ತರದ ಗಾಡಿ ಹಿಡಿಸದು. ಮೇಲಿನ ತಟ್ಟೆಯ ಮನೆಯವರ ಜೊತೆ ಜಾಗ ಬದಲಿಸಿಕೊಳ್ಳಲು ತಿಂಗಳಿಂದ ಮಾತುಕತೆ ನಡೆದಿದೆ. ಒಂದು ಭಾನುವಾರ ಟೇಪು ಹಿಡಿದು ಅಳೆಯಲು ನಾನೂ ಹೋಗಿದ್ದೆ. ಟೇಪಿನ ಒಂದು ತುದಿ ನನ್ನ ಕೈಯಲ್ಲಿ ಕೊಟ್ಟು ಅವರು ತಮ್ಮನ್ನೇ ಕೇಳಿಕೊಂಡದ್ದು ಶಾಲೆಯ ಗೇಟಿನ ಬಳಿಯ ಆ ಗಾಡಿಯ ಬಣ್ಣ ಏನಿತ್ತು ಎಂದು. ಬಣ್ಣ ಈಗ ಸರಿಯಾಗಿ ನೆನಪಾಗುತ್ತಿಲ್ಲವಂತೆ. ಗಾಜಿಗೆ ಮೂಗು ಒತ್ತಿ ಒಳಗೆ ನೋಡಿದ್ದು ನೆನಪಿದೆ.

ಗಾಡಿ ಕೈಗೆ ಬಂದ ಮೇಲೆ ಊರಿಗೆ ಹೋಗುವ ಯೋಜನೆ. ಪನ್ವೇಲ್ ಹಿಡಿದು ಗೋವಾ ಹೆದ್ದಾರಿಯಲ್ಲಿ ಇಳಿಯುವುದೋ, ಬೆಳಗಾವಿ ಸುತ್ತಿ ಹೋಗುವುದೋ ಎಂದು ರಾತ್ರಿ ಊಟದ ಹೊತ್ತಿಗೆ ವಾದ ನಡೆಯುತ್ತದೆ. ಊರ ಮನೆಗೆ ಮುಖ್ಯ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಮಣ್ಣಿನ ಏರು. ಮೊನ್ನೆ ಅಣ್ಣನಿಗೆ ಫೋನ್ ಮಾಡಿ, ಸಿಯೆರಾ ತರುತ್ತಿದ್ದೇನೆ, ಆಷಾಢದಲ್ಲಿ ಬರಲೋ ಎಂದು ಕೇಳಿದರು. ಸ್ಪೀಕರ್ ಹಾಕಿದ್ದರು, ನಾನೂ ಕೇಳಿಸಿಕೊಂಡೆ. ಯಾವ ಗಾಡಿ, ಎಷ್ಟು ಕೊಟ್ಟೆ ಎಂದು ಅಣ್ಣ ಕೇಳಲಿಲ್ಲ.

‘ಮಳಿಗಾಲ್ದಗೆ ಬಂದ್ರೆ ಗಾಡಿ ಕೆಳ್ಗೆ ರಸ್ತಿ ಬದಿಗ್ ನಿಲ್ಸ್. ಜೀಪ್ ಕಳ್ಸ್ತೆ.’